ಹೆಸರು ಬರುವ ಮೊದಲೇ ಇದ್ದ ಬೇಸಾಯ

ಒಂದು ಅಲಸಂದೆ ಗಿಡವನ್ನು ಬೇರುಸಮೇತ ಮೆಲ್ಲಗೆ ಕಿತ್ತು ನೋಡಿ. ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಆ ಬಣ್ಣ ಕಂಡರೆ, ಗಂಟಿನೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿವೆ ಅಂತ ಅರ್ಥ. ಈ ಗುಟ್ಟನ್ನು ಜರ್ಮನಿಯ ವಿಜ್ಞಾನಿಗಳು ಬಿಡಿಸಿದ್ದು 1880ರ ದಶಕದಲ್ಲಿ. ಆದರೆ ಕಾಳು ಬೆಳೆದ ಹೊಲದಲ್ಲಿ ಮುಂದಿನ ಬೆಳೆ ಚೆನ್ನಾಗಿ ಬರುತ್ತದೆ ಅನ್ನೋದು ರೈತ ಕುಟುಂಬಗಳಿಗೆ ಅದಕ್ಕೂ ಎರಡು ಸಾವಿರ ವರ್ಷ ಮೊದಲೇ ಗೊತ್ತಿತ್ತು.

ಕೊಟ್ಟಿಗೆ ಗೊಬ್ಬರ, ಬೆಳೆ ಬದಲಾವಣೆ, ಎತ್ತಿಟ್ಟ ಬೀಜ, ಮನೆಮಂದಿಯ ದುಡಿಮೆ. ಇವತ್ತು ಸಾವಯವ ಅನ್ನುವ ಇದಕ್ಕೆ ಆಗ ಬೇರೆ ಹೆಸರೇ ಬೇಕಿರಲಿಲ್ಲ. ಬೇಸಾಯ ಅಂದರೆ ಇದೇ.

1909ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದ, ರಸಗೊಬ್ಬರಕ್ಕೆ ಮೂಲವಾದ ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ತಂದರು. 1913ರಲ್ಲಿ ಉತ್ಪಾದನೆ ಶುರುವಾಯಿತು. ಮರುವರ್ಷವೇ ಮಹಾಯುದ್ಧ ಬಂತು, ಅಮೋನಿಯಾ ಸಿಡಿಮದ್ದಿಗೆ ಹೋಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ರಸಗೊಬ್ಬರ ಜಗತ್ತಿನ ಹೊಲಗಳಿಗೆಲ್ಲ ಹರಡಿತು. ಹಿಂದೆಯೇ ಕೀಟ ಕೊಲ್ಲುವ ಡಿಡಿಟಿ ಬಂತು. ಇಳುವರಿ ಏರಿತು, ಕೋಟಿಗಟ್ಟಲೆ ಜನರ ಹೊಟ್ಟೆ ತುಂಬಿತು. ಅದನ್ನು ಮುಚ್ಚಿಟ್ಟು ಮಾತಾಡಬಾರದು. ಆದರೆ ಸಣ್ಣ ರೈತನಿಗೆ ಕೊಟ್ಟಿಗೆಯಲ್ಲಿ ಸಿಗುತ್ತಿದ್ದ ಗೊಬ್ಬರ ಅಂಗಡಿಯಲ್ಲಿ ಕೊಳ್ಳುವ ಸರಕಾಯಿತು. ಮಣ್ಣಿಗೆ ಯೂರಿಯಾ ಜಾಸ್ತಿಯಾದರೆ ಬೇರಿನ ಆ ಗಂಟುಗಳೂ ಕಮ್ಮಿಯಾಗುತ್ತವೆ. ಸಾರಜನಕ ಸುಮ್ನೆ ಸಿಗುವಾಗ ಗಿಡವಾದರೂ ಯಾಕೆ ಬ್ಯಾಕ್ಟೀರಿಯಾ ಸಾಕುತ್ತದೆ, ಅಲ್ವಾ?

ರಸಗೊಬ್ಬರದ ಈ ಇನ್ನೊಂದು ಮುಖವನ್ನು ಬೇಗ ಗಮನಿಸಿದವರಲ್ಲಿ ಆಲ್ಬರ್ಟ್ ಹೋವರ್ಡ್ ಮೇಲೆ ನನಗೆ ವಿಶೇಷ ಗೌರವ. 1905ರಲ್ಲಿ ಭಾರತಕ್ಕೆ ಬಂದ ಈ ಬ್ರಿಟಿಷ್ ಸಸ್ಯವಿಜ್ಞಾನಿ ಇಲ್ಲಿನ ರೈತರನ್ನೇ ಗುರುಗಳೆಂದು ಕಂಡರು. ಮುಂದೆ ಇಂದೋರಿನಲ್ಲಿ ಒಂದು ಕಾಂಪೋಸ್ಟ್ ವಿಧಾನ ರೂಪಿಸಿದರು. ಬೆಳೆಯ ಕಸ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿ ಪದರ ಪದರವಾಗಿ ಹಾಕಬೇಕು. ಕೆಲವೇ ದಿನದಲ್ಲಿ ರಾಶಿಯೊಳಗೆ ಕೈ ಇಡಲಾಗದಷ್ಟು ಕಾವು. ಮಗುಚಿದರೆ ಹಬೆ ಏಳುತ್ತದೆ. ಮೂರು ಸಲ ಮಗುಚಿ ಮೂರು ತಿಂಗಳು ಕಾದರೆ ಪುಡಿಪುಡಿ ಕಪ್ಪು ಗೊಬ್ಬರ. ಅದರಲ್ಲಿ ಸಗಣಿ ವಾಸನೆ ಇರುವುದಿಲ್ಲ, ಕಾಡಿನ ಮಣ್ಣಿನ ವಾಸನೆ ಇರುತ್ತದೆ.

ಇಂಗ್ಲಿಷಿನಲ್ಲಿ ಇಂಥ ಬೇಸಾಯಕ್ಕೆ ಸಾವಯವ ಬೇಸಾಯ ಎಂಬ ಅರ್ಥದ ಹೆಸರು ಬಿದ್ದದ್ದು 1940ರಲ್ಲಿ. 1972ರಲ್ಲಿ ಸಾವಯವ ಚಳವಳಿಗಳ ಅಂತರರಾಷ್ಟ್ರೀಯ ಒಕ್ಕೂಟವೂ ಹುಟ್ಟಿತು. ಮಾರುಕಟ್ಟೆ ಬೆಳೆದಂತೆ ನಿಯಮ, ತಪಾಸಣೆ, ಪ್ರಮಾಣಪತ್ರ ಬಂದವು. ಮೋಸ ತಡೆಯಲು ಅವು ಬೇಕು, ನಿಜ. ಆದರೆ ಶುಲ್ಕ ಮತ್ತು ಕಾಗದಪತ್ರ ದೊಡ್ಡ ತೋಟಕ್ಕೆ ಹಗುರ, ಒಂದೆರಡು ಎಕರೆಯ ಕುಟುಂಬಕ್ಕೆ ಭಾರ. ತಲೆಮಾರುಗಳಿಂದ ರಾಸಾಯನಿಕವನ್ನೇ ಮುಟ್ಟದವರು ಅದನ್ನು ಹಣ ಕೊಟ್ಟು ರುಜುವಾತು ಮಾಡಬೇಕಾಯಿತು. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಸಹಭಾಗಿತ್ವದ ಖಾತರಿ ಪದ್ಧತಿ. 2004ರಲ್ಲಿ ಬ್ರೆಜಿಲ್‌ನ ಟೊರೆಸ್‌ನಲ್ಲಿ ನಡೆದ ಸಭೆಯ ನಂತರ ಇದು ಹಲವು ದೇಶಗಳಲ್ಲಿ ಗಟ್ಟಿಯಾಯಿತು. ಇದರಲ್ಲಿ ಅಕ್ಕಪಕ್ಕದ ರೈತರೇ, ಕೆಲವೆಡೆ ಕೊಳ್ಳುವವರೂ ಜೊತೆಯಾಗಿ, ಒಬ್ಬರ ಹೊಲಕ್ಕೆ ಹೋಗುತ್ತಾರೆ. ಗೊಬ್ಬರದ ಗುಂಡಿ, ಬೀಜದ ಡಬ್ಬ, ಬದುವಿನ ಕಳೆ ಎಲ್ಲ ನೋಡಿ, ಬೆಳೆ ಸಾವಯವವೇ ಅಂತ ಖಾತರಿ ಕೊಡುತ್ತಾರೆ. ಮುಂದಿನ ಸಲ ಅವರ ಹೊಲದ ಸರದಿ.