ಎಐ ತರಬೇತಿ: ನಿನ್ನೆಯ ಕಾಗದದಿಂದಲೇ ಶುರುಮಾಡಿ

ಕಾರ್ಕಳದ ಗೇರುಬೀಜ ಕಾರ್ಖಾನೆಯ ಆಫೀಸಿರಲಿ, ಮಣಿಪಾಲದಲ್ಲಿ ಕೂತು ಹೊರದೇಶದ ಕಂಪೆನಿಗಳ ಲೆಕ್ಕಪತ್ರ ನೋಡುವ ಹತ್ತು ಮಂದಿಯ ಕಚೇರಿಯಿರಲಿ, ಎಐ (ಕೃತಕ ಬುದ್ಧಿಮತ್ತೆ) ಈಗಾಗಲೇ ಒಳಗೆ ಬಂದಿದೆ ಎಂದೇ ಮಾಲೀಕರು ಭಾವಿಸುವುದು ಒಳ್ಳೆಯದು. ಅದು ಬಂದಿರುವುದು ಹೆಚ್ಚಾಗಿ ಸಿಬ್ಬಂದಿಯ ಸ್ವಂತ ಮೊಬೈಲಿನಲ್ಲಿ, ಅವರದ್ದೇ ಉಚಿತ ಖಾತೆಯಲ್ಲಿ. ಸಮಸ್ಯೆ ಇರುವುದೂ ಅಲ್ಲೇ.

ಎರಡು ಕಾನೂನುಗಳನ್ನು ತಿಳಿದಿರಬೇಕು. ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆಯ 4ನೇ ವಿಧಿ 2025ರ ಫೆಬ್ರವರಿ 2ರಿಂದ ಅನ್ವಯವಾಯಿತು. ಎಐ ಬಳಸುವ ಸಂಸ್ಥೆ ತನ್ನ ಸಿಬ್ಬಂದಿಗೂ ತನ್ನ ಪರವಾಗಿ ಅದನ್ನು ಬಳಸುವ ಇತರರಿಗೂ ಸಾಕಷ್ಟು ಎಐ ತಿಳಿವಳಿಕೆ ಇರುವಂತೆ ನೋಡಿಕೊಳ್ಳಬೇಕು ಎಂದು ಅದು ಹೇಳಿತು. ಈ ‘ಇತರರು’ ಎಂಬಲ್ಲಿಗೆ ಯುರೋಪಿನ ಕಂಪೆನಿಯ ಪರವಾಗಿ ಕೆಲಸ ಮಾಡುವ ಮಣಿಪಾಲದ ಗುತ್ತಿಗೆ ಕಚೇರಿಯೂ ಬರಬಹುದು. 2025ರ ನವೆಂಬರ್‌ನಲ್ಲಿ ಇದನ್ನು ಸಡಿಲಿಸುವ ಪ್ರಸ್ತಾವ ಬಂತು. ಆದರೂ ನಿಮ್ಮ ಗ್ರಾಹಕರು ಪ್ರಶ್ನಾವಳಿ ಕಳಿಸಿದರೆ ಉತ್ತರ ಕೊಡಬೇಕಾದವರು ನೀವೇ. ಎರಡನೆಯದು ನಮ್ಮದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ ಅಂದಿನಿಂದ 18 ತಿಂಗಳ ಕಾಲಾವಕಾಶ ಕೊಡಲಾಯಿತು. ದತ್ತಾಂಶಕ್ಕೆ ತಕ್ಕ ಭದ್ರತೆ ಒದಗಿಸದಿದ್ದರೆ ದಂಡ ₹250 ಕೋಟಿಯವರೆಗೂ ಹೋಗಬಹುದು.

ತರಬೇತಿಗೆ ಮೊದಲು ಒಂದು ವಾರ ಪಟ್ಟಿ ಬರೆಸಿ. ಯಾರು, ಯಾವ ಆ್ಯಪ್, ಯಾವ ಕೆಲಸಕ್ಕೆ, ಅದಕ್ಕೆ ಏನು ಹಾಕಿದರು. ನಾಲ್ಕೇ ಕಾಲಂ ಸಾಕು. ‘ಯಾರಿಗೂ ಬೈಯುವುದಿಲ್ಲ’ ಎಂದು ಮೊದಲೇ ಹೇಳಿ, ಮಾತಿಗೆ ತಪ್ಪಬೇಡಿ. ಒಬ್ಬರಿಗೆ ಬೈದರೂ ಉಳಿದವರು ಮುಚ್ಚಿಡುತ್ತಾರೆ, ಆಮೇಲೆ ಆ ಪಟ್ಟಿಯಿಂದ ಪ್ರಯೋಜನವಿಲ್ಲ.

ಮೊದಲ ಪಾಠ, ಏನನ್ನು ಹಾಕಬಾರದು ಎಂಬುದು. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಸಂಬಳದ ಪಟ್ಟಿ, ವೈದ್ಯಕೀಯ ಕಾಗದ, ಖರೀದಿದಾರರಿಗೆ ಕೊಟ್ಟ ದರ. ಇಷ್ಟನ್ನು ಎಲ್ಲರೂ ಬೇಗ ಒಪ್ಪುತ್ತಾರೆ. ಎಡವುವುದು ಬೇರೆ ಕಡೆ. ಎಕ್ಸೆಲ್ ಫೈಲ್ ಅಪ್‌ಲೋಡ್ ಮಾಡಿದರೆ ಹೈಡ್ ಮಾಡಿದ ಕಾಲಂ, ಪಕ್ಕದ ಶೀಟು ಎಲ್ಲವೂ ಜೊತೆಗೇ ಹೋಗುತ್ತವೆ. ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೂ ಅದರಡಿಯ ಅಕ್ಷರ ಹಾಗೆಯೇ ಉಳಿದಿರಬಹುದು. ಹೆಸರು ಅಳಿಸಿ ಊರು, ಹುದ್ದೆ, ಕೆಲಸಕ್ಕೆ ಸೇರಿದ ದಿನ ಬಿಟ್ಟರೆ ಇಪ್ಪತ್ತು ಜನರ ಕಾರ್ಖಾನೆಯಲ್ಲಿ ಅದು ಯಾರೆಂದು ಯಾರಿಗೆ ಬೇಕಾದರೂ ಗೊತ್ತಾಗುತ್ತದೆ. ಆದ್ದರಿಂದ ಬೇಕಾದ ಸಾಲುಗಳನ್ನಷ್ಟೇ ಹೊಸ ಫೈಲಿಗೆ ನಕಲಿಸಿ, ಹೆಸರಿದ್ದಲ್ಲಿ ‘ಕಾರ್ಮಿಕ 1’ ಎಂದು ಬರೆಯುವುದನ್ನು ಕೈಯಾರೆ ಮಾಡಿಸಿ. ಚಾಟ್‌ಜಿಪಿಟಿಯ ವೈಯಕ್ತಿಕ ಖಾತೆಯಲ್ಲಿ ನಾವು ಬರೆದದ್ದು ಮಾಡೆಲ್‌ನ ತರಬೇತಿಗೆ ಬಳಕೆಯಾಗಬಹುದು. ಸೆಟ್ಟಿಂಗ್ಸ್‌ನ ಡೇಟಾ ಕಂಟ್ರೋಲ್ಸ್‌ಗೆ ಹೋಗಿ ಅದನ್ನು ನಿಲ್ಲಿಸಬೇಕು. ಸಂಸ್ಥೆಗಳಿಗಾಗಿ ಇರುವ ಪಾವತಿ ಖಾತೆಯಲ್ಲಿ ಅದು ಮೊದಲಿನಿಂದಲೇ ನಿಂತಿರುತ್ತದೆ. ನಾಲ್ಕೈದು ಜನರಿಗಾದರೂ ಅಂಥ ಖಾತೆ ತೆಗೆದುಕೊಡಿ. ಇದರಲ್ಲಿ ಉಳಿತಾಯ ಮಾಡಬೇಡಿ.

ಎರಡನೆಯ ಪಾಠ, ಬಂದ ಉತ್ತರವನ್ನು ತಾಳೆ ನೋಡುವುದು. ಚಾಟ್‌ಜಿಪಿಟಿಯಂಥ ಭಾಷಾ ಮಾಡೆಲ್ ಮುಂದೆ ಬರಬಹುದಾದ ಪದವನ್ನು ಊಹಿಸಿ ಬರೆಯುತ್ತದೆ, ತಪ್ಪು ಅಂಕಿಯನ್ನೂ ಸರಿಯಾದದ್ದರಷ್ಟೇ ಗಟ್ಟಿಯಾಗಿ ಹೇಳುತ್ತದೆ. ರಫ್ತು ವಿಭಾಗಕ್ಕೆ ಈ ಲೆಕ್ಕ ಕೊಡಿ: 50 ಪೌಂಡಿನ 700 ಪೆಟ್ಟಿಗೆ ಗೇರುಬೀಜದ ತಿರುಳು, ಒಟ್ಟು ನಿವ್ವಳ ತೂಕ ಎಷ್ಟು? 22.68 ಕಿಲೋ ಗುಣಿಸು 700, ಅಂದರೆ 15,876 ಕಿಲೋ. ಎಐ ಬರೆದ ಪತ್ರದಲ್ಲಿ ಇದೇ ಅಂಕಿ ಇದೆಯೇ ಎಂದು ಕ್ಯಾಲ್ಕುಲೇಟರ್ ಹಿಡಿದು ನೋಡಲಿ. ದರ ಪೌಂಡಿಗೋ ಕಿಲೋಗೋ? ಡಬ್ಲ್ಯು 320 (ಸಣ್ಣ ಬೀಜದ ಗ್ರೇಡ್) ಎಂದು ಇರಬೇಕಾದಲ್ಲಿ ಡಬ್ಲ್ಯು 240 (ದೊಡ್ಡ ಬೀಜದ್ದು) ನುಸುಳಿದೆಯೇ? ದೊಡ್ಡ ಬೀಜದ ಗ್ರೇಡನ್ನು ಸಣ್ಣದರ ದರಕ್ಕೆ ಬರೆದುಕೊಟ್ಟರೆ ಆ ನಷ್ಟ ಎಐ ಕಂಪೆನಿಯದ್ದಲ್ಲ, ನಿಮ್ಮದು. ನೀವೇ ಎರಡು ತಪ್ಪು ಸೇರಿಸಿದ ಕರಡು ಕೊಟ್ಟು ಹುಡುಕಲು ಹೇಳಿ. ಉಪನ್ಯಾಸದಿಂದ ಆಗದ್ದು ಇದರಿಂದ ಆಗುತ್ತದೆ.

ಕೆಲಸಗಾರರಿಗೆ ಎಐ ಬರೆದ ಕನ್ನಡ ಸೂಚನೆಯನ್ನು ಬೋರ್ಡಿಗೆ ಅಂಟಿಸುವ ಮೊದಲು ಬೋರ್ಮಾದ (ತಿರುಳು ಒಣಗಿಸುವ ಒಲೆ) ಬಳಿ ಕೆಲಸ ಮಾಡುವವರೊಬ್ಬರು ಗಟ್ಟಿಯಾಗಿ ಓದಲಿ. ಅವರಿಗೆ ಅರ್ಥವಾಗದಿದ್ದರೆ ತಿದ್ದಬೇಕಾದದ್ದು ಸೂಚನೆಯನ್ನು. ತುಳು ಧ್ವನಿ ಸಂದೇಶವನ್ನು ಎಐಯಿಂದ ಬರಹಕ್ಕಿಳಿಸಿದರೆ ಅದರಲ್ಲಿನ ತೂಕ, ದಿನಾಂಕವನ್ನು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಯುರೋಪಿನ ಗ್ರಾಹಕರಿಗಾಗಿ ಉದ್ಯೋಗಾರ್ಜಿ ವಿಂಗಡಿಸುವ ಕಚೇರಿಗಳು ಹೆಚ್ಚು ಎಚ್ಚರ ವಹಿಸಬೇಕು. ನೇಮಕಾತಿಗೆ ಬಳಸುವ ಎಐಯನ್ನು ಯುರೋಪಿನ ಎಐ ಕಾಯ್ದೆ ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿದೆ. ಕೆಲಸದ ಜಾಗದಲ್ಲಿ ಮುಖ ಅಥವಾ ದನಿ ನೋಡಿ ಭಾವನೆ ಅಳೆಯುವ ಎಐಗಂತೂ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟರೆ, ನಿಷೇಧವೇ ಇದೆ.

ವಾರಕ್ಕೊಮ್ಮೆ 45 ನಿಮಿಷ, ಆರು ಜನರಿಗಿಂತ ಹೆಚ್ಚಿಲ್ಲದ ಗುಂಪು, ನಾಲ್ಕು ವಾರ ಸಾಕು. ಅಭ್ಯಾಸಕ್ಕೆ ಆಯಾ ಮೇಜಿನ ನಿನ್ನೆಯ ಕಾಗದವೇ ಇರಲಿ, ಗುರುತು ಅಳಿಸಿ. ಸರ್ಟಿಫಿಕೇಟನ್ನು 4ನೇ ವಿಧಿ ಕೇಳಿಲ್ಲ, ಅದನ್ನು ಮಾರಲು ಬಂದವರಿಗೆ ದುಡ್ಡು ಕೊಡಬೇಕಾಗಿಲ್ಲ. ದಿನಾಂಕ, ಹೆಸರು, ಕಲಿಸಿದ್ದು, ಯಾರು ಯಾವ ತಪ್ಪು ಹಿಡಿದರು ಎಂದು ಒಂದು ಪುಟ ಬರೆದಿಟ್ಟರೆ ಗ್ರಾಹಕರಿಗೆ ತೋರಿಸಲು ಅದೇ ದಾಖಲೆ. ಹೊಸಬರಿಗೆ ಈ ಪಾಠ ಮುಗಿದ ಮೇಲಷ್ಟೇ ಲಾಗಿನ್ ಕೊಡಿ.

ಕೊನೆಯ ತರಗತಿಯಲ್ಲಿ, ತಪ್ಪಿ ಸಂಬಳದ ಪಟ್ಟಿ ಹಾಕಿಬಿಟ್ಟರೆ ಏನು ಮಾಡಬೇಕೆಂದು ಮಾಡಿ ತೋರಿಸಿ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಚಾಟ್ ಮತ್ತು ಫೈಲ್ ಅಳಿಸುವುದು, ಆ ಕೂಡಲೇ ಗೊತ್ತುಪಡಿಸಿದ ಒಬ್ಬರಿಗೆ ಹೇಳುವುದು. ನಮ್ಮ ದತ್ತಾಂಶ ಕಾಯ್ದೆಯ ನಿಯಮಗಳಲ್ಲಿ ದತ್ತಾಂಶ ಸೋರಿಕೆಯ ಪೂರ್ಣ ವಿವರವನ್ನು ದತ್ತಾಂಶ ಸಂರಕ್ಷಣಾ ಮಂಡಳಿಗೆ ತಿಳಿಸಲು ಇರುವ ಗಡುವು 72 ಗಂಟೆ, ಆ ಗಡಿಯಾರ ನಿಮಗೆ ವಿಷಯ ಗೊತ್ತಾದ ಕ್ಷಣದಿಂದ ಓಡುತ್ತದೆ. ಆ ಒಬ್ಬರ ಮೊಬೈಲ್ ನಂಬರನ್ನು ಪ್ರತಿ ಕಂಪ್ಯೂಟರಿನ ಮೇಲೂ ಅಂಟಿಸಿಡಿ.