36 ವೋಲ್ಟ್, 15 ಆಂಪ್: ಈ ಸೈಕಲ್ ಕಿಟ್ ವಿಮೆಯ 250 ವಾಟ್ ಮಿತಿಯೊಳಗೆ ಬರುತ್ತದೆಯೇ?

ಪ್ರಶ್ನೆ: ಮನೆಯಲ್ಲಿ ಗಟ್ಟಿಮುಟ್ಟಾದ ಹಳೇ ಗೇರ್ ಸೈಕಲ್ ಇದೆ. ಅದಕ್ಕೆ ಎಲೆಕ್ಟ್ರಿಕ್ ಕಿಟ್ ಹಾಕಿಸೋಣ ಅಂತಿದ್ದೇನೆ. ‘ಮೋಟಾರು 250 ವಾಟ್ ಮೀರಬಾರದು’ ಎಂದು ವಿಮಾ ಕಂಪನಿಯವರು ಹೇಳಿದ್ದಾರೆ. ನಾನು ನೋಡಿದ ಕಿಟ್‌ನ ಮೋಟಾರಿನ ಮೇಲೆ 250 ವಾಟ್ ಎಂದೇ ಇದೆ. ಆದರೆ ಮೋಟಾರಿಗೆ ಕರೆಂಟು ಹರಿಸುವ ಕಂಟ್ರೋಲರ್ ಮೇಲೆ 36 ವೋಲ್ಟ್, 15 ಆಂಪ್ ಎಂದಿದೆ. ಗುಣಿಸಿದರೆ 540! ಇದಕ್ಕೆ ವಿಮೆ ನಡೆಯುತ್ತದೆಯೇ? ಹೇಗೂ ಲೆಕ್ಕ ತಾಳೆಯಾಗುವುದಿಲ್ಲ ಎಂದಾದರೆ 750 ವಾಟ್ ಕಿಟ್ಟನ್ನೇ ಕೊಂಡು ಸೆಟ್ಟಿಂಗ್‌ನಲ್ಲಿ 250ಕ್ಕೆ ಇಳಿಸಿಕೊಳ್ಳಬಹುದಲ್ಲ?

ಉತ್ತರ: 540 ನೋಡಿ ಗಾಬರಿಯಾಗಬೇಡಿ, ಆ ಕಿಟ್ ಮಿತಿಯೊಳಗೇ ಇರಬಹುದು. 750ರದ್ದನ್ನು ತಂದು ಇಳಿಸಿಕೊಳ್ಳುವ ಯೋಚನೆ ಮಾತ್ರ ಇಲ್ಲಿಗೇ ಬಿಟ್ಟುಬಿಡಿ. ಎರಡಕ್ಕೂ ಕಾರಣ ಒಂದೇ ಕಡೆ ಸಿಗುತ್ತದೆ: ಕಾನೂನಾಗಲಿ ವಿಮೆಯಾಗಲಿ ಸಾಮಾನ್ಯವಾಗಿ ಅಳೆಯುವುದು ಕ್ಷಣಕಾಲದ ಶಕ್ತಿಯನ್ನಲ್ಲ, ತಯಾರಕ ಘೋಷಿಸಿದ ನಿರಂತರ ಶಕ್ತಿಯನ್ನು.

ಮೊದಲು ನಿಮ್ಮ ಗುಣಾಕಾರ. ಕಂಟ್ರೋಲರ್ ಮೇಲಿನ 15 ಆಂಪ್ ಎಂದರೆ ಬ್ಯಾಟರಿಯಿಂದ ಅದು ಎಳೆದುಕೊಳ್ಳಬಹುದಾದ ಗರಿಷ್ಠ ಕರೆಂಟು. ಸವಾರಿಯುದ್ದಕ್ಕೂ ಅಷ್ಟೇ ಎಳೆಯುತ್ತದೆ ಎಂದು ಅರ್ಥವಲ್ಲ. ಹಾಗೆ ನೋಡಿದರೆ 540 ಕೂಡ ಕಡಿಮೆಯಾಯಿತು. 36 ವೋಲ್ಟ್ ಎಂದು ಬರೆದ ಲಿಥಿಯಂ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 42 ವೋಲ್ಟ್ ಇರುತ್ತದೆ, ಆಗ ಲೆಕ್ಕ 630ಕ್ಕೆ ಏರುತ್ತದೆ. ಆದರೆ ಇದು ಬ್ಯಾಟರಿಯಿಂದ ಹೊರಡುವ ಶಕ್ತಿ. ತಂತಿ, ಕಂಟ್ರೋಲರ್, ಮೋಟಾರಿನ ಸುರುಳಿ ಎಲ್ಲವೂ ತಮ್ಮ ಪಾಲನ್ನು ಶಾಖವಾಗಿ ಕಳೆದು, ಚಕ್ರಕ್ಕೆ ತಲುಪುವುದು ಹೆಚ್ಚೆಂದರೆ ಮುಕ್ಕಾಲು, ಐದರಲ್ಲಿ ನಾಲ್ಕು ಪಾಲು.

ಮೋಟಾರಿನ ಮೈಮೇಲಿರುವ 250 ಬೇರೆಯೇ ಪ್ರಶ್ನೆಗೆ ಉತ್ತರ. ಮೋಟಾರು ಮಿತಿಮೀರಿ ಬಿಸಿಯಾಗದೆ ಎಷ್ಟು ಶಕ್ತಿಯನ್ನು ಒಂದೇ ಸಮನೆ ಕೊಡುತ್ತಾ ಹೋಗಬಲ್ಲದು ಎಂಬ ಲೆಕ್ಕ ಅದು. ಇಡೀ ದಿನ ಐವತ್ತು ಕೆಜಿ ಮೂಟೆ ಹೊರುವ ಹಮಾಲಿ ಒಂದು ಗಳಿಗೆ ನೂರು ಕೆಜಿಯನ್ನೂ ಎತ್ತಿಯಾನು. ಕೂಲಿಯ ಲೆಕ್ಕಕ್ಕೆ ಬರುವುದು ಮಾತ್ರ ಐವತ್ತೇ. ಸುರುಳಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಕರೆಂಟು ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು. ಹಾಗಾಗಿ ಏರಿನಲ್ಲಿ ಒಂದೆರಡು ನಿಮಿಷ ಹೆಚ್ಚು ಎಳೆಯಬಲ್ಲ ಮೋಟಾರು ಅದೇ ಜೋರಿನಲ್ಲಿ ಅರ್ಧ ಗಂಟೆ ಓಡಲಾರದು. ವಿದ್ಯುತ್ ವಾಹನಗಳ ಶಕ್ತಿ ಅಳೆಯುವ ವಿಶ್ವಸಂಸ್ಥೆಯ 85ನೇ ನಿಯಮದಲ್ಲಿ ‘ಮೂವತ್ತು ನಿಮಿಷದ ಶಕ್ತಿ’ ಎಂಬ ಅಳತೆ ಇರುವುದು ಇದಕ್ಕೇ. ಭಾರತದ ನಿಯಮವೂ ಅದೇ ಪದವನ್ನು ಬಳಸುತ್ತದೆ. ಬಾಷ್‌ನ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್ ಮೋಟಾರು ಕಾಗದದ ಮೇಲೆ 250 ವಾಟ್. ಕ್ಷಣಕಾಲ 600 ವಾಟ್, ಅದಕ್ಕೂ ಹೆಚ್ಚು ಕೊಡಬಲ್ಲದು. ಆದರೂ ಯೂರೋಪಿನಲ್ಲಿ ಅದನ್ನು ಹಾಕಿದ ಸೈಕಲ್ ಬರೀ ಸೈಕಲ್ಲೇ.

ಇದರಲ್ಲೊಂದು ಗುಟ್ಟೂ ಇದೆ, ಬಲ್ಲವರಿಗೆಲ್ಲ ಗೊತ್ತಿರುವಂಥದ್ದು. ಮೋಟಾರಿಗೆ 400 ವಾಟ್ ತಾಳುವ ತಾಕತ್ತಿದ್ದರೂ ತಯಾರಕ ಅದನ್ನು 250 ಎಂದು ಘೋಷಿಸಬಹುದು, ಕೆಲವರು ಹಾಗೆ ಮಾಡುತ್ತಾರೆ ಕೂಡ. ಟಾಂಗ್‌ಶೆಂಗ್‌ನ ಟಿಎಸ್‌ಡಿಝಡ್2ನಂಥ ಮೋಟಾರುಗಳು ಹೆಚ್ಚುಕಡಿಮೆ ಒಂದೇ ಮೈಕಟ್ಟಿನಲ್ಲಿ ಬೇರೆ ಬೇರೆ ವಾಟ್‌ಗಳ ಹೆಸರಿನಲ್ಲಿ ಮಾರಾಟವಾಗುತ್ತವೆ. ಇದು ಸರಿಯೇ ಎಂದು ಕೇಳಿದರೆ ನನಗೂ ಅಷ್ಟು ಹಿಡಿಸುವುದಿಲ್ಲ. ಆದರೆ ನಿಮ್ಮ ಮಟ್ಟಿಗೆ ಮುಖ್ಯವಾದದ್ದು, ಆ ಸಂಖ್ಯೆಯನ್ನು ಘೋಷಿಸುವ ಹಕ್ಕು ತಯಾರಕನದು, ನಿಮ್ಮದಲ್ಲ ಎಂಬುದು. ಅವನು 250 ಎಂದು ಅಚ್ಚೊತ್ತಿ ಕೊಟ್ಟರೆ ಅದು ದಾಖಲೆ. ಅವನು 750 ಎಂದು ಅಚ್ಚೊತ್ತಿದ್ದನ್ನು ನೀವು ಡಿಸ್‌ಪ್ಲೇಯ ಮೆನುವಿನಲ್ಲಿ ಇಳಿಸಿಕೊಂಡರೆ ಅದು ನಿಮ್ಮ ಬಾಯಿಮಾತು.

ಕ್ಲೇಮ್ ಬಂದಾಗ ಏನಾಗುತ್ತದೆಂದು ಊಹಿಸಿ. ಬಾಫಾಂಗ್ ಬಿಬಿಎಸ್02 ಕಿಟ್ ಹಾಕಿದ ಸೈಕಲ್ ಯಾರಿಗೋ ಗುದ್ದಿದೆ. ಅದರ ಮೋಟಾರಿನ ಮೇಲೆ 48 ವೋಲ್ಟ್, 750 ವಾಟ್. ಸರ್ವೇಯರ್ ಬಗ್ಗಿ ನೋಡುವುದು ಕ್ರ್ಯಾಂಕ್ ಬಳಿಯ ಆ ಬರಹವನ್ನು, ಫೋಟೊ ತೆಗೆಯುವುದೂ ಅದನ್ನೇ. ನಂತರ ಡಿಸ್‌ಪ್ಲೇ ಒತ್ತಿ ವೇಗದ ಮಿತಿ ಎಷ್ಟಿದೆ, ಸವಾರ ಸ್ವತಃ ಬದಲಿಸಬಹುದೇ ಎಂದು ನೋಡುತ್ತಾರೆ. ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮಿತಿ ಹಾರಿಹೋಗುತ್ತದೆ ಎಂದಾದರೆ ‘ರಸ್ತೆಯಲ್ಲಿ ನಾನು ಯಾವತ್ತೂ ಇಳಿಸಿಯೇ ಓಡಿಸುತ್ತಿದ್ದೆ’ ಎಂಬ ಮಾತಿಗೆ ಬೆಲೆ ಸಿಗುವುದು ಕಷ್ಟ. ಮಾರುವವರು ‘ಖಾಸಗಿ ಜಾಗಕ್ಕೆ ಮಾತ್ರ’ ಎಂದು ಕೊಡುವ ಆಫ್‌ರೋಡ್ ಮೋಡ್ ಕೂಡ ಇದೇ ಗುಂಪಿನದು. ಆ ಸ್ವಿಚ್ಚು ಹ್ಯಾಂಡಲ್ ಮೇಲಿರುವವರೆಗೂ ಸೈಕಲ್ ಮಿತಿಯೊಳಗಿದೆ ಎಂದು ವಾದಿಸುವ ಹೊಣೆ ನಿಮ್ಮ ತಲೆಯ ಮೇಲೆಯೇ.

ಮಿತಿ ಎಲ್ಲ ಕಡೆಯೂ 250 ಅಲ್ಲ ಎಂಬುದನ್ನೂ ಹೇಳಬೇಕು. ಯೂರೋಪಿಯನ್ ಒಕ್ಕೂಟದಲ್ಲಿ ನಿರಂತರ 250 ವಾಟ್, ಗಂಟೆಗೆ 25 ಕಿಮೀ ತಲುಪುವ ಮುನ್ನ ಮೋಟಾರಿನ ನೆರವು ನಿಲ್ಲಬೇಕು, ಪೆಡಲ್ ತುಳಿಯುವುದನ್ನು ಬಿಟ್ಟರೂ ನಿಲ್ಲಬೇಕು. ಬ್ರಿಟನ್ನಿನಲ್ಲಿ 250 ವಾಟ್, 15.5 ಮೈಲಿ, ಜತೆಗೆ ಮೋಟಾರಿನ ಶಕ್ತಿ ಅಥವಾ ತಯಾರಕರ ಹೆಸರು, ಬ್ಯಾಟರಿಯ ವೋಲ್ಟೇಜ್ ಅಥವಾ ಗರಿಷ್ಠ ವೇಗ ಸೈಕಲ್ ಮೇಲೆ ಕಾಣುವಂತಿರಬೇಕು. ಕೆನಡಾದ ಹೆಚ್ಚಿನ ಪ್ರಾಂತ್ಯಗಳಲ್ಲಿ 500 ವಾಟ್, 32 ಕಿಮೀ. ಅಮೆರಿಕದ 2002ರ ಕಾಯ್ದೆ 750 ವಾಟ್‌ಗಿಂತ ಕಡಿಮೆ ಎನ್ನುತ್ತದೆ, ಬಳಕೆಯ ನಿಯಮಗಳು ರಾಜ್ಯ ರಾಜ್ಯಕ್ಕೆ ಬೇರೆ. ಭಾರತದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 2(ಯು) ಪ್ರಕಾರ ಮೂವತ್ತು ನಿಮಿಷದ ಶಕ್ತಿ 250 ವಾಟ್‌ಗಿಂತ ಕಡಿಮೆ ಇರಬೇಕು, ವೇಗ 25 ಕಿಮೀ ದಾಟಬಾರದು, ಬ್ಯಾಟರಿ ಬಿಟ್ಟು ತೂಕ 60 ಕೆಜಿ ಮೀರಬಾರದು. ಒಂದು ದೇಶದ ಪೆಟ್ಟಿಗೆಯ ಮೇಲೆ ‘ರಸ್ತೆಗೆ ಅರ್ಹ’ ಎಂದು ಬರೆದಿದ್ದರೆ ಆ ಮಾತು ಗಡಿ ದಾಟಿ ಬರುವುದಿಲ್ಲ.

ವಿಮೆಗೂ ಇದಕ್ಕೂ ಏನು ಸಂಬಂಧ ಎಂದರೆ, ಸೈಕಲ್ ವಿಮೆಯ ಪಾಲಿಸಿಗಳು ಸಾಮಾನ್ಯವಾಗಿ ತಮ್ಮದೇ ಮಿತಿಯನ್ನು ಹುಟ್ಟುಹಾಕುವುದಿಲ್ಲ, ಆಯಾ ದೇಶದ ಕಾನೂನು ಯಾವುದನ್ನು ಸೈಕಲ್ ಎನ್ನುತ್ತದೋ ಅದನ್ನೇ ಎತ್ತಿಕೊಳ್ಳುತ್ತವೆ. ಆ ಗೆರೆ ದಾಟಿದ ಕೂಡಲೇ ನಿಮ್ಮ ಸೈಕಲ್ ಕಾನೂನಿನ ಕಣ್ಣಲ್ಲಿ ಮೋಟಾರು ವಾಹನ. ನೋಂದಣಿ, ಲೈಸೆನ್ಸು, ಮೂರನೇ ವ್ಯಕ್ತಿಯ ಕಡ್ಡಾಯ ವಿಮೆ ಎಲ್ಲವೂ ಬಂದು ಕೂರುತ್ತವೆ. ಭಾರತದಲ್ಲಾದರೆ ಮೋಟಾರು ವಾಹನ ಕಾಯ್ದೆಯ 146ನೇ ಕಲಮು. ಜರ್ಮನಿಯಲ್ಲಿ 45 ಕಿಮೀವರೆಗೆ ನೆರವು ಕೊಡುವ ಇ-ಸೈಕಲ್‌ಗಳಿಗೆ ವಿಮೆಯ ನಂಬರ್ ಪ್ಲೇಟ್ ಕಡ್ಡಾಯವಾಗಿರುವುದು ಇದೇ ಕಾರಣಕ್ಕೆ. ಸೈಕಲ್ ಕಳುವಾಗಿ ಕ್ಲೇಮ್ ತಿರಸ್ಕಾರವಾದರೆ ಸೈಕಲ್‌ನ ಬೆಲೆಯಷ್ಟೇ ನಷ್ಟ. ಆದರೆ ನಡೆದು ಹೋಗುತ್ತಿದ್ದವರಿಗೆ ಗುದ್ದಿ, ಹೊಣೆಗಾರಿಕೆಯ ವಿಮೆ ಕೈಕೊಟ್ಟರೆ ಆಸ್ಪತ್ರೆಯ ಖರ್ಚು, ದುಡಿಮೆಯ ನಷ್ಟ ಎಲ್ಲ ನಿಮ್ಮ ಜೇಬಿನಿಂದಲೇ. ಎಷ್ಟೋ ಜನ ಕಳ್ಳತನದ ವಿಮೆಯನ್ನೇ ಯೋಚಿಸುತ್ತಾರೆ. ನನ್ನ ಪ್ರಕಾರ ಚಿಂತಿಸಬೇಕಾದದ್ದು ಈ ಎರಡನೆಯದನ್ನು.

ಈ ಗೆರೆಯ ಮೇಲೆಯೇ ನಡೆದ ಮೊಕದ್ದಮೆಯೊಂದು ಯೂರೋಪಿನ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿತ್ತು. 2017ರಲ್ಲಿ ಬೆಲ್ಜಿಯಂನಲ್ಲಿ ಇ-ಸೈಕಲ್ ಸವಾರನಿಗೆ ಕಾರು ಡಿಕ್ಕಿ ಹೊಡೆಯಿತು, ಕೆಲ ತಿಂಗಳ ಬಳಿಕ ಅವರು ತೀರಿಕೊಂಡರು. ಆ ಸೈಕಲ್‌ನಲ್ಲಿ ಬೂಸ್ಟ್ ಗುಂಡಿಯಿತ್ತು, ತುಳಿಯದೆಯೂ 20 ಕಿಮೀವರೆಗೆ ಓಡಿಸುತ್ತಿತ್ತು. ಆದರೆ ಸವಾರ ಮೊದಲು ಸ್ವಂತ ಬಲದಿಂದ ತುಳಿದಿದ್ದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಎರಡು ವಿಮಾ ಕಂಪನಿಗಳು ಅದು ವಾಹನವೋ ಸೈಕಲ್ಲೋ ಎಂದು ಹಗ್ಗಜಗ್ಗಾಡಿದವು. 2023ರ ಅಕ್ಟೋಬರ್ 12ರಂದು ನ್ಯಾಯಾಲಯ ಹೇಳಿದ್ದು: ಕೇವಲ ಯಂತ್ರಬಲದಿಂದ ಓಡುವಂಥದ್ದಲ್ಲ, ಆದ್ದರಿಂದ ಮೋಟಾರು ವಿಮಾ ನಿರ್ದೇಶನದ ಅರ್ಥದಲ್ಲಿ ಅದು ವಾಹನವಲ್ಲ. ಮೊದಲು ತುಳಿಯಬೇಕಾಗಿತ್ತು ಎಂಬ ಅಂಶವೇ ನಿರ್ಣಾಯಕವಾಯಿತು. ಕಿಟ್ ಜತೆ ಬರುವ ಥ್ರಾಟಲನ್ನು (ಸ್ಕೂಟರಿನ ಎಕ್ಸಿಲರೇಟರಿನಂಥದ್ದು) ಈ ಕಣ್ಣಿನಿಂದ ನೋಡಿ. ತುಳಿಯದೆ ನಿಂತಲ್ಲಿಂದಲೇ ಓಡಿಸುವ ಥ್ರಾಟಲ್ ಅಮೆರಿಕದ ಇ-ಸೈಕಲ್ ವರ್ಗೀಕರಣದ ಎರಡನೇ ದರ್ಜೆಯಲ್ಲಿ ನಡೆಯುತ್ತದೆ. ಬ್ರಿಟನ್ನಿನಲ್ಲಿ ಹೊಸ ಸೈಕಲ್‌ಗೆ ಪ್ರತ್ಯೇಕ ಅನುಮೋದನೆ ಇಲ್ಲದೆ 6 ಕಿಮೀ ಆಚೆಗೆ ನಡೆಯುವುದಿಲ್ಲ. ನಿಮ್ಮಲ್ಲಿ ಅನುಮತಿ ಇಲ್ಲದಿದ್ದರೆ ಅದನ್ನು ಜೋಡಿಸಲೇಬೇಡಿ. ಸುಮ್ಮನೆ ತಂತಿ ಕಿತ್ತು ಹ್ಯಾಂಡಲ್ ಮೇಲೆ ಬಿಡುವುದೂ ಬೇಡ.

ಹಾಗಾದರೆ 250 ಸಾಕಾಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆಯ ಒಳಗಿರುವ ಇನ್ನೊಂದು ಪ್ರಶ್ನೆ. ಸವಾರ, ಸೈಕಲ್, ಕಿಟ್ ಸೇರಿ 105 ಕೆಜಿ ಎಂದುಕೊಳ್ಳಿ. ನೂರು ಮೀಟರಿಗೆ ಆರು ಮೀಟರ್ ಏರುವ ದಿಬ್ಬವನ್ನು ಗಂಟೆಗೆ 10 ಕಿಮೀ ವೇಗದಲ್ಲಿ ಹತ್ತಲು ಬೇಕಾಗುವುದು ಸುಮಾರು 200 ವಾಟ್. ಅದರಲ್ಲಿ ನೂರು ನಿಮ್ಮ ಕಾಲಿನಿಂದಲೇ ಬರುತ್ತದೆ. ಏರು ಇಮ್ಮಡಿ ಕಡಿದಾದರೂ 375ರ ಆಸುಪಾಸು. ನೀವು 125 ಕೊಟ್ಟರೆ ಉಳಿದದ್ದು ಸರಿಯಾಗಿ 250. ಸಮತಟ್ಟಿನಲ್ಲಿ 25 ಕಿಮೀ ವೇಗಕ್ಕೆ ಗಾಳಿಯ ಅಡ್ಡಿಯೂ ಸೇರಿ ಇನ್ನೂರರೊಳಗೇ ಮುಗಿಯುತ್ತದೆ. ಕಡಿದಾದ ಏರಿದ್ದರೆ ವಾಟ್ ಏರಿಸುವ ಬದಲು ಪೆಡಲ್ ಬಳಿ ಕೂರುವ ಮಿಡ್-ಡ್ರೈವ್ ಮೋಟಾರನ್ನೇ ಆರಿಸಿ. ಅದು ಸೈಕಲ್‌ನ ಗೇರುಗಳ ಮೂಲಕ ಎಳೆಯುವುದರಿಂದ ಸಣ್ಣ ಗೇರಿನಲ್ಲಿ 250 ವಾಟ್ ಬಹಳ ದೂರ ಬರುತ್ತದೆ, ಚಕ್ರದ ನಡುವೆ ಕೂರುವ ಹಬ್ ಮೋಟಾರಿಗೆ ಆ ಸೌಕರ್ಯವಿಲ್ಲ. ಚೈನು, ಸ್ಪ್ರಾಕೆಟ್ ಬೇಗ ಸವೆಯುತ್ತವೆ ಎಂಬುದು ಅದಕ್ಕೆ ತೆರುವ ಬೆಲೆ.

ಕೊಳ್ಳುವಾಗ ಜಾಹೀರಾತನ್ನು ಬಿಟ್ಟು ಮೋಟಾರಿನ ಮೈ ನೋಡಿ. ಅಂಟಿಸಿದ ಸ್ಟಿಕ್ಕರ್‌ಗಿಂತ ಲೋಹದಲ್ಲಿ ಕೊರೆದದ್ದು ಮೇಲು. ಬಿಲ್ಲಿನಲ್ಲಿ ಮಾಡೆಲ್ ಹೆಸರು, ವೋಲ್ಟೇಜ್, ‘ನಿರಂತರ ಶಕ್ತಿ 250 ವಾಟ್’ ಎಂಬ ಮಾತು ಇರುವಂತೆ ಬರೆಸಿಕೊಳ್ಳಿ. ‘ಕಿಟ್‌ಗೆ ಇಎನ್ 15194 ಪ್ರಮಾಣಪತ್ರವಿದೆ’ ಎನ್ನುವವರಿದ್ದರೆ ಸ್ವಲ್ಪ ಅನುಮಾನದಿಂದಲೇ ಕೇಳಿಸಿಕೊಳ್ಳಿ. ಯೂರೋಪಿನ ಆ ಇ-ಸೈಕಲ್ ಮಾನದಂಡ ಇರುವುದು ಇಡೀ ಸೈಕಲ್‌ಗೆ, ಬಿಡಿ ಪೆಟ್ಟಿಗೆಗಲ್ಲ. ಬ್ಯಾಟರಿಗೆ ಮಾತ್ರ ಯುಎಲ್ 2271ರಂಥ ಸುರಕ್ಷತಾ ಪರೀಕ್ಷೆಯ ಗುರುತು ಇದೆಯೇ ಎಂದು ಕೇಳಲೇಬೇಕು. ಮನೆಯೊಳಗೆ ಚಾರ್ಜ್ ಮಾಡುವಾಗ ಬೆಂಕಿ ಹತ್ತಿದರೆ ವಿಷಯ ಸೈಕಲ್ ವಿಮೆಯನ್ನು ದಾಟಿ ಮನೆಯ ವಿಮೆಗೆ ಹೋಗುತ್ತದೆ. ಹಬ್ ಮೋಟಾರಾದರೆ ಅಕ್ಷವನ್ನು ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಬಿಡಬೇಡಿ, ಅಲ್ಯೂಮಿನಿಯಂ ಫೋರ್ಕ್ ಇದ್ದರಂತೂ ಬಿಡಲೇಬೇಡಿ. ಅಕ್ಷ ತಿರುಗಿ, ಅದು ಕೂರುವ ಕಚ್ಚು ಅಂದರೆ ಡ್ರಾಪ್‌ಔಟ್ ಸೀಳಿದರೆ ಮುಂದಿನ ಚಕ್ರವೇ ಕಳಚುತ್ತದೆ.

ಜೋಡಿಸಿದ ಮೇಲೆ ಡಿಸ್‌ಪ್ಲೇಯಲ್ಲಿ ಚಕ್ರದ ಅಳತೆ ಸರಿ ಇದೆಯೇ ನೋಡಿ. ವೇಗದ ಸೆನ್ಸರ್ ಎಣಿಸುವುದು ಚಕ್ರದ ಸುತ್ತುಗಳನ್ನು ಮಾತ್ರ. 28 ಇಂಚಿನ ಚಕ್ರಕ್ಕೆ 20 ಎಂದು ಸೆಟ್ ಆಗಿದ್ದರೆ ಡಿಸ್‌ಪ್ಲೇ 25 ತೋರಿಸುವಾಗ ನೀವು 35ರಲ್ಲಿ ಹೋಗುತ್ತಿರುತ್ತೀರಿ. ಬೇಕೆಂದೇ ಹೀಗೆ ಮಾಡುವವರಿದ್ದಾರೆ. ಅದು ವಿಮೆಯವರಿಗೂ ಗೊತ್ತಿರುವ ಹಳೇ ಚಾಲಾಕಿ.

ಇನ್ನು ವಿಮಾ ಕಂಪನಿಗೆ ಫೋನಿನಲ್ಲಿ ಕೇಳಿ ‘ಆಯ್ತು ಸರ್’ ಎನಿಸಿಕೊಂಡರೆ ಸಾಲದು, ಇಮೇಲ್ ಬರೆಯಿರಿ. ಹೀಗೆ: ‘ನನ್ನ ಸಾದಾ ಸೈಕಲ್‌ಗೆ ಇಂಥ ಮಾಡೆಲ್‌ನ, ತಯಾರಕರು ಘೋಷಿಸಿದ ನಿರಂತರ 250 ವಾಟ್ ಶಕ್ತಿಯ, 25 ಕಿಮೀನಲ್ಲಿ ನೆರವು ನಿಲ್ಲುವ, ಥ್ರಾಟಲ್ ಇಲ್ಲದ ಪರಿವರ್ತನಾ ಕಿಟ್ ಅಳವಡಿಸುತ್ತಿದ್ದೇನೆ. ಕಂಟ್ರೋಲರ್‌ನ ಗರಿಷ್ಠ ಕರೆಂಟು 15 ಆಂಪ್. ಅಂಗಡಿಯಲ್ಲಿ ಪೂರ್ತಿ ತಯಾರಾಗಿ ಬಂದ ಇ-ಸೈಕಲ್‌ಗೆ ಸಿಗುವ ರಕ್ಷಣೆಯೇ ಇದಕ್ಕೂ ಸಿಗುತ್ತದೆಯೇ? ಹೊಣೆಗಾರಿಕೆಯೂ ಸೇರಿದೆಯೇ? ನಿಮ್ಮ ಮಿತಿ ನಿರಂತರ ಶಕ್ತಿಯದೋ ಗರಿಷ್ಠ ಶಕ್ತಿಯದೋ?’ ಕೊನೆಯ ಪ್ರಶ್ನೆ ಮರೆಯಬೇಡಿ. ಪಾಲಿಸಿಯಲ್ಲಿ ಬರೀ ‘250 ವಾಟ್’ ಎಂದಿದ್ದರೆ ಆ ಅನಿಶ್ಚಿತತೆ ಬಗೆಹರಿಯಬೇಕಾದ್ದು ಈಗ, ಅಪಘಾತದ ಮರುದಿನವಲ್ಲ. ಗರಿಷ್ಠ ಶಕ್ತಿಯೇ 250 ಮೀರಬಾರದು ಎಂದು ಉತ್ತರ ಬಂದರೆ ಬೇರೆ ಕಂಪನಿ ನೋಡಿ. ಅಂಥ ಷರತ್ತಿಗೆ ಒಳ್ಳೆಯ ಕಂಪನಿಗಳ ಪೂರ್ಣ ತಯಾರಾದ ಇ-ಸೈಕಲ್‌ಗಳೂ ಹೊಂದುವುದಿಲ್ಲ. ಕಿಟ್ ಹಾಕಿಸಿಕೊಂಡ ಸೈಕಲ್‌ಗೇ ವಿಮೆ ಇಲ್ಲ ಎನ್ನುವ ಪಾಲಿಸಿಗಳೂ ಇವೆ, ವಾಟ್ ಎಷ್ಟೇ ಇರಲಿ. ಅದನ್ನು ಕಿಟ್ ಕೊಳ್ಳುವ ಮೊದಲೇ ತಿಳಿದುಕೊಳ್ಳಿ.

ವಿಮೆಯ ಮೊತ್ತ ನಿಗದಿ ಮಾಡುವಾಗ ಸೈಕಲ್, ಕಿಟ್, ಬ್ಯಾಟರಿ ಮೂರನ್ನೂ ಬಿಡಿಬಿಡಿಯಾಗಿ ಬಿಲ್ ಸಹಿತ ತೋರಿಸಿ. ಮೋಟಾರಿನ ಬರಹ, ಸೀರಿಯಲ್ ನಂಬರ್, ಡಿಸ್‌ಪ್ಲೇಯ ವೇಗಮಿತಿಯ ಫೋಟೊ ತೆಗೆದಿಡಿ. ಮುಂದೆ 36 ವೋಲ್ಟ್ ಬ್ಯಾಟರಿ ಸೊರಗಿ, 48 ವೋಲ್ಟಿನದು ಅಗ್ಗಕ್ಕೆ ಸಿಕ್ಕಿತೆಂದು ಹಾಕಬೇಡಿ. ಕಂಟ್ರೋಲರ್ ಅದನ್ನು ತಾಳಿದರೂ ಅದೇ ಮೋಟಾರಿನ ವೇಗ ಮೂರನೇ ಒಂದು ಪಾಲು ಏರುತ್ತದೆ, ಕಂಪನಿಯವರು ಇಮೇಲ್‌ನಲ್ಲಿ ಒಪ್ಪಿದ ಸೈಕಲ್ ಆಗ ಅದಾಗಿರುವುದಿಲ್ಲ.