ಬೀಪ್ ಅನ್ನುತ್ತದೆ, ಹೆಸರು ಹೇಳುವುದಿಲ್ಲ

ಪ್ರಶ್ನೆ: ದಾವಣಗೆರೆಯಲ್ಲಿದ್ದೇನೆ, ಕಣ್ಣು ಕಾಣುವುದಿಲ್ಲ. ತಿಂಗಳ ಸಾಮಾನು ಮನೆಗೆ ಬಂದ ಮೇಲೆ ಯಾವ ಪೊಟ್ಟಣ ಯಾವುದು ಅಂತ ಫೋನಿನ ಬಾರ್‌ಕೋಡ್ ಆ್ಯಪ್‌ನಿಂದ ತಿಳಿದುಕೊಳ್ಳಲು ನೋಡುತ್ತೇನೆ. ಕೆಲವಕ್ಕೆ ಬಾರ್‌ಕೋಡೇ ಸಿಗುವುದಿಲ್ಲ. ಸಿಕ್ಕರೂ ಎಷ್ಟೋ ಸಲ ‘ಉತ್ಪನ್ನ ಸಿಗಲಿಲ್ಲ’ ಅನ್ನುತ್ತದೆ. ತಪ್ಪು ನನ್ನ ಕೈಯದೋ, ಫೋನಿನದೋ?

ಉತ್ತರ: ಇವು ಎರಡು ಬೇರೆ ತೊಂದರೆಗಳು. ಬಾರ್‌ಕೋಡ್ ಸಿಗದಿರುವುದು ಕೈಗೆ ಸೇರಿದ್ದು, ವಾರದ ಅಭ್ಯಾಸದಲ್ಲಿ ಸರಿಹೋಗುತ್ತದೆ. ಸಿಕ್ಕ ಮೇಲೂ ಹೆಸರು ಬರದಿರುವುದು ನಿಮ್ಮ ತಪ್ಪೂ ಅಲ್ಲ, ಫೋನಿನ ತಪ್ಪೂ ಅಲ್ಲ. ಅದನ್ನೇ ಮೊದಲು ನೋಡೋಣ.

ಪೊಟ್ಟಣದ ಮೇಲಿನ ಗೆರೆಗಳಲ್ಲಿ ಹೆಸರಿಲ್ಲ, ಬೆಲೆ ಇಲ್ಲ, ಎಕ್ಸ್‌ಪೈರಿ ದಿನಾಂಕವೂ ಇಲ್ಲ. ಇರುವುದು ಸಾಮಾನ್ಯವಾಗಿ 13 ಅಂಕಿಯ ಒಂದು ಸಂಖ್ಯೆ ಮಾತ್ರ. 890ರಿಂದ ಶುರುವಾದರೆ ಆ ಕಂಪನಿಗೆ ಸಂಖ್ಯೆ ಕೊಟ್ಟಿದ್ದು ಬಾರ್‌ಕೋಡ್ ಸಂಖ್ಯೆ ಹಂಚುವ ಸಂಸ್ಥೆಯಾದ ಜಿಎಸ್‌ ಒನ್ ಇಂಡಿಯಾ ಎಂದರ್ಥ. ಮಾಲು ಇಲ್ಲೇ ತಯಾರಾಗಿದೆ ಎಂದಲ್ಲ. ಕೊನೆಯ ಅಂಕಿ ಲೆಕ್ಕ ತಾಳೆ ನೋಡಲಿಕ್ಕೆ. ಉದಾಹರಣೆಗೆ 8901234567890 ತೆಗೆದುಕೊಳ್ಳಿ. ಮೊದಲ 12 ಅಂಕಿಗಳಲ್ಲಿ ಒಂದು ಬಿಟ್ಟು ಒಂದನ್ನು ಕೂಡಿಸಿದರೆ 28. ಉಳಿದವನ್ನು ಕೂಡಿಸಿದರೆ 34, ಅದರ ಮೂರು ಪಟ್ಟು 102. ಒಟ್ಟು 130, ಹತ್ತರಿಂದ ಭಾಗವಾಗುತ್ತದೆ, ಆದ್ದರಿಂದ ಕೊನೆಯ ಅಂಕಿ ಸೊನ್ನೆ. ಕ್ಯಾಮೆರಾ ಒಂದು ಅಂಕಿ ತಪ್ಪಾಗಿ ಓದಿದರೆ ಈ ಲೆಕ್ಕ ಕೂಡಿಬರುವುದಿಲ್ಲ, ಆ್ಯಪ್ ಅದನ್ನು ಬಿಟ್ಟು ಮತ್ತೆ ಓದುತ್ತದೆ. ಹಾಗಾಗಿ ಸೋಪಿಗೆ ಶಾಂಪೂ ಎಂದು ಹೇಳಿತಾದರೆ ಓದಿದ್ದು ತಪ್ಪಾಗಿರುವುದು ಅಪರೂಪ. ಯಾವ ಸಂಖ್ಯೆಗೆ ಯಾವ ಹೆಸರು ಎಂದು ಆ್ಯಪ್ ನೋಡುವ ಪಟ್ಟಿಯಲ್ಲೇ ತಪ್ಪು ನಮೂದಾಗಿರುತ್ತದೆ.

ಆ ಪಟ್ಟಿಯೇ ಇಲ್ಲಿನ ಗಂಟು. ಸಂಖ್ಯೆ ಓದಿದ ಮೇಲೆ ಆ್ಯಪ್ ಇಂಟರ್‌ನೆಟ್‌ನಲ್ಲಿ ತನ್ನ ಪಟ್ಟಿ ತೆಗೆದು ಹೆಸರು ಹುಡುಕುತ್ತದೆ. ದೊಡ್ಡ ಕಂಪನಿಯ ಬಿಸ್ಕತ್ತು, ಟೂತ್‌ಪೇಸ್ಟು ಅಲ್ಲಿರುತ್ತವೆ. ಚಳ್ಳಕೆರೆ ಕಡೆಯ ಸಣ್ಣ ಮಿಲ್ಲಿನ ಕಡಲೆಕಾಯಿ ಎಣ್ಣೆ ಇರುವ ಸಂಭವ ಕಡಿಮೆ. ನೆಟ್ ಸಿಗದ ಒಳಕೋಣೆಯಲ್ಲಿ ನಿಂತು ಸ್ಕ್ಯಾನ್ ಮಾಡಿದರೆ ಇರುವುದೂ ಸಿಗುವುದಿಲ್ಲ. ಒಂದು ಆ್ಯಪ್‌ನಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರಬಹುದು, ಏಕೆಂದರೆ ಎಲ್ಲರ ಪಟ್ಟಿಯೂ ಒಂದೇ ಅಲ್ಲ. ಭಾರತದ ಮಾಲಿಗೆ ಜಿಎಸ್‌ ಒನ್ ಇಂಡಿಯಾದ ಸ್ಮಾರ್ಟ್ ಕನ್ಸ್ಯೂಮರ್ ಆ್ಯಪ್ ಇದೆ. ಅದರಲ್ಲಿ ಬರುವುದು ಕಂಪನಿಗಳೇ ಕೊಟ್ಟ ವಿವರ.

ಇನ್ನೊಂದು ಬಗೆಯ ಬಾರ್‌ಕೋಡ್ ಎಂದೂ ಸಿಗುವುದಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಬೇಳೆ, ತರಕಾರಿ ತೂಗಿ ಅಂಟಿಸಿಕೊಡುವ ಚೀಟಿಯ ಸಂಖ್ಯೆ ಸಾಮಾನ್ಯವಾಗಿ 2ರಿಂದ ಶುರುವಾಗುತ್ತದೆ. ಅದು ಆ ಅಂಗಡಿಯ ಒಳಗಿನ ಸಂಖ್ಯೆ. ಸಾಮಾನಿನ ಗುರುತಿನ ಜೊತೆಗೆ ತೂಕವೋ ಬೆಲೆಯೋ ಅದರಲ್ಲೇ ಸೇರಿರುತ್ತದೆ. ಹೊರಗಿನ ಯಾವ ಆ್ಯಪ್‌ಗೂ ಅದರ ಅರ್ಥ ಗೊತ್ತಾಗುವ ದಾರಿಯಿಲ್ಲ. ಆ ಚೀಟಿಯ ಮೇಲೆ ಹತ್ತು ನಿಮಿಷ ಹೆಣಗಾಡಬೇಡಿ.

ಈಗ ಕೈಯ ಕೆಲಸ. ಕಣ್ಣು ಕಾಣದವರಿಗೆಂದೇ ಮಾಡಿದ ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ ಆ್ಯಪ್ ಉಚಿತ. ಐಫೋನಿಗೆ 2017ರಲ್ಲಿ ಬಂತು, ಆಂಡ್ರಾಯ್ಡ್‌ಗೆ 2023ರ ಡಿಸೆಂಬರ್‌ನಲ್ಲಿ. ಅದರ ಪ್ರಾಡಕ್ಟ್ ವಿಭಾಗ ತೆರೆದು ಕ್ಯಾಮೆರಾ ಹಿಡಿದರೆ, ಬಾರ್‌ಕೋಡ್ ಹತ್ತಿರವಾದಂತೆ ಬೀಪ್ ಬೇಗ ಬೇಗ ಬರುತ್ತದೆ. ಕಿವಿಯಿಂದ ಹುಡುಕುವುದು ಎಂದರೆ ಇದೇ. ಗುಂಡಿ ಒತ್ತುವ ಗೊಡವೆಯಿಲ್ಲ, ಸರಿಯಾಗಿ ಸಿಕ್ಕ ಕ್ಷಣ ತಾನೇ ಓದಿಕೊಳ್ಳುತ್ತದೆ. ಗೂಗಲ್‌ನ ಲುಕ್‌ಔಟ್‌ನಲ್ಲಿ ಆಹಾರದ ಪೊಟ್ಟಣಗಳಿಗೆಂದೇ ಒಂದು ವಿಭಾಗ ಇದೆ.

ಮೊದಲು ಕ್ಯಾಮೆರಾದ ಗಾಜು ಒರೆಸಿ. ಬೆಣ್ಣೆದೋಸೆ ತಿಂದ ಬೆರಳು ಒಂದು ಸಲ ತಾಗಿದರೂ ಸಾಕು, ಗೆರೆಗಳೆಲ್ಲ ಮಸುಕು. ಮೇಜಿನ ಮುಂದೆ ಕುಳಿತು, ಫೋನು ಹಿಡಿದ ಕೈಯ ಮೊಣಕೈಯನ್ನು ಮೇಜಿಗೆ ಊರಿ. ಫೋನು ಅಲ್ಲಾಡಬಾರದು, ತಿರುಗಬೇಕಾದ್ದು ಪೊಟ್ಟಣ. ನಡುವಿನ ಅಂತರ ಮುಕ್ಕಾಲು ಗೇಣು, ಅಂದರೆ ಸುಮಾರು 15 ಸೆಂಟಿಮೀಟರ್. ಸಿಗಲಿಲ್ಲವೆಂದು ಎಲ್ಲರೂ ಮಾಡುವ ತಪ್ಪು ಇನ್ನೂ ಹತ್ತಿರ ತರುವುದು. ತೀರಾ ಹತ್ತಿರವಾದರೆ ಕ್ಯಾಮೆರಾ ಫೋಕಸ್ ಹಿಡಿಯುವುದಿಲ್ಲ. ಹಿಂದಕ್ಕೆ ತಗೊಳ್ಳಿ, ಪೂರ್ತಿ ಒಂದು ಗೇಣಿಗೆ. ಪೊಟ್ಟಣವನ್ನು ಕಾಲು ಸುತ್ತು ತಿರುಗಿಸಿ ಎರಡು ಸೆಕೆಂಡ್ ನಿಲ್ಲಿಸಿ, ಮತ್ತೆ ಕಾಲು ಸುತ್ತು.

ಎಲ್ಲಿ ಹುಡುಕಬೇಕು ಎನ್ನುವುದನ್ನು ಬೆರಳೇ ಹೇಳುತ್ತದೆ. ದಿಂಬಿನಂತೆ ಉಬ್ಬಿದ ಪ್ಲಾಸ್ಟಿಕ್ ಪೊಟ್ಟಣದ ಹಿಂಭಾಗದಲ್ಲಿ ಮೇಲಿಂದ ಕೆಳಗೆ ಒಂದು ಅಂಟಿನ ಪಟ್ಟಿ ಇರುತ್ತದೆ. ಬಾರ್‌ಕೋಡ್ ಬಹಳಷ್ಟು ಸಲ ಅದರ ಪಕ್ಕದಲ್ಲೇ, ಕೆಳಭಾಗದಲ್ಲಿ. ಆ ಪಟ್ಟಿ ಒಂದು ಬದಿಗೆ ಮಡಚಿಕೊಂಡು ಗೆರೆಗಳನ್ನು ಮುಚ್ಚಿರಬಹುದು, ಇನ್ನೊಂದು ಬದಿಗೆ ಒತ್ತಿ ನೋಡಿ. ಬಾಟಲಿಯಲ್ಲಿ ಲೇಬಲ್ಲಿನ ಎರಡು ತುದಿ ಸೇರುವ ಜಾಗ ಸವರಿ, ಅದರ ಆಸುಪಾಸು. ರಟ್ಟಿನ ಡಬ್ಬಿಗಳಲ್ಲಿ ಕಿರಿದಾದ ಬದಿ ಅಥವಾ ತಳ. ಎಣ್ಣೆ ಪೌಚು ಎಲ್ಲಕ್ಕಿಂತ ಹಠಮಾರಿ: ಹೊಳೆಯುತ್ತದೆ, ಸುಕ್ಕಾಗುತ್ತದೆ. ಅದನ್ನು ಮೇಜಿನ ಮೇಲೆ ಮಲಗಿಸಿ, ಎರಡೂ ತುದಿ ಹಿಡಿದೆಳೆದು ಬಿಗಿ ಮಾಡಿ, ಫೋನನ್ನು ನೇರ ಮೇಲಿಂದ ಹಿಡಿಯದೆ ಸ್ವಲ್ಪ ಓರೆಯಾಗಿ ಹಿಡಿಯಿರಿ. ಟಾರ್ಚ್ ಹಾಕಿದರೆ ಬೆಳಕು ಪ್ಲಾಸ್ಟಿಕ್‌ಗೆ ಬಡಿದು ಕ್ಯಾಮೆರಾಕ್ಕೇ ವಾಪಸು ಬರುತ್ತದೆ. ಬಾಗಿಲ ಬಳಿಯ ಹಗಲು ಬೆಳಕು ವಾಸಿ.

ಅರ್ಧ ನಿಮಿಷದಲ್ಲಿ ಸಿಗಲಿಲ್ಲವಾದರೆ ಬಾರ್‌ಕೋಡ್ ಬಿಟ್ಟು ಅಕ್ಷರ ಓದುವ ವಿಭಾಗಕ್ಕೆ ಹೋಗಿ, ಪೊಟ್ಟಣದ ಮುಂಭಾಗ ಹಿಡಿಯಿರಿ. ಸೀಯಿಂಗ್ ಎಐನಲ್ಲಿ ಶಾರ್ಟ್ ಟೆಕ್ಸ್ಟ್, ಲುಕ್‌ಔಟ್‌ನಲ್ಲಿ ಟೆಕ್ಸ್ಟ್. ನಮ್ಮಲ್ಲಿ ಪೊಟ್ಟಣದ ಆಹಾರದ ಲೇಬಲ್ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕೆಂಬ ನಿಯಮ ಇರುವುದರಿಂದ, ಮುಂದೆ ಬರೀ ಕನ್ನಡ ಇದ್ದರೂ ಹಿಂದೆ ಓದಲು ಏನಾದರೂ ಸಿಗುತ್ತದೆ. ದಿನಬಳಕೆಗೆ ನಮ್ಮ ಶಿಫಾರಸು ಇದೇ ಕ್ರಮ: ಮೊದಲು ಬಾರ್‌ಕೋಡ್, ಆಮೇಲೆ ಅಕ್ಷರ. ಎಕ್ಸ್‌ಪೈರಿ ದಿನಾಂಕಕ್ಕೆ ಮಾತ್ರ ಇವೆರಡನ್ನೂ ನೆಚ್ಚಬೇಡಿ. ಅದನ್ನು ಆಮೇಲೆ ಚುಕ್ಕಿ ಚುಕ್ಕಿಯಾಗಿ, ಹೆಚ್ಚಾಗಿ ಮಡಿಕೆಯ ಮೇಲೇ ಹೊಡೆದಿರುತ್ತಾರೆ, 3 ಮತ್ತು 8 ಅದಲುಬದಲಾಗುತ್ತವೆ. ಬಿ ಮೈ ಐಸ್ ಆ್ಯಪ್‌ನಲ್ಲಿ ಕಣ್ಣಿರುವ ಸ್ವಯಂಸೇವಕರು ವಿಡಿಯೋ ಕರೆಯಲ್ಲಿ ನೋಡಿ ಹೇಳುತ್ತಾರೆ, ಅದೂ ಉಚಿತ.

ಮಾತ್ರೆಯ ವಿಷಯ ಬೇರೆ. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡ್‌ಗಳ ಔಷಧಿಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಇದರಲ್ಲಿ ಔಷಧಿಯ ಹೆಸರು, ಬ್ಯಾಚ್, ತಯಾರಾದ ಮತ್ತು ಮುಗಿಯುವ ದಿನಾಂಕ ಎಲ್ಲ ಇರಬೇಕು. ಆದರೆ ಸ್ಟ್ರಿಪ್ಪಿನಲ್ಲಿ ಜಾಗ ಸಾಲದಿದ್ದರೆ ಅದು ಹೊರಗಿನ ರಟ್ಟಿನ ಮೇಲೆ ಇರಬಹುದು, ಅಂಗಡಿಯವರು ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರೆ ರಟ್ಟು ಅಲ್ಲೇ ಉಳಿಯುತ್ತದೆ. ಪೂರ್ತಿ ಸ್ಟ್ರಿಪ್ ಕೇಳಿ, ರಟ್ಟನ್ನೂ ಕೇಳಿ. ಹೊತ್ತಿಗೆ ಎಷ್ಟು ನುಂಗಬೇಕೆಂಬುದನ್ನು ಔಷಧಿ ಅಂಗಡಿಯವರಿಂದಲೇ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಇನ್ನು ಮಂಡಿಪೇಟೆಯಿಂದ ಬಿಡಿಯಾಗಿ ತಂದ ತೊಗರಿಬೇಳೆ, ಮಂಡಕ್ಕಿ, ಹುರಿಗಡಲೆಗೆ ಬಾರ್‌ಕೋಡೇ ಇಲ್ಲವಲ್ಲ. ಇದಕ್ಕೆ ನೀವೇ ಕ್ಯೂಆರ್ ಮಾಡಬಹುದು. ಬಾರ್‌ಕೋಡ್‌ನಂತಲ್ಲದೆ ಕ್ಯೂಆರ್ ಅಕ್ಷರವನ್ನೇ ಒಳಗಿಟ್ಟುಕೊಳ್ಳುತ್ತದೆ, ಕನ್ನಡವನ್ನೂ. ಪಟ್ಟಿ ಬೇಡ, ನೆಟ್ ಬೇಡ. ‘ತೊಗರಿಬೇಳೆ’ಗೆ ಚಿಕ್ಕ ಚೌಕ ಸಾಕು. ಕ್ಯೂಆರ್ ತಯಾರಿಸುವ ಯಾವುದಾದರೂ ಉಚಿತ ಆ್ಯಪ್‌ನಲ್ಲಿ ‘ಟೆಕ್ಸ್ಟ್’ ಆರಿಸಿ, ಹೆಸರು ಬರೆದು, 3 ಸೆಂಟಿಮೀಟರ್ ಅಳತೆಯಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. ಕತ್ತರಿಸುವಾಗ ನಾಲ್ಕೂ ಕಡೆ ಬಿಳಿ ಅಂಚು ಬಿಡಿ, ಅಂಚಿಲ್ಲದೆ ಸ್ಕ್ಯಾನರ್‌ಗೆ ಚೌಕ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಡಬ್ಬಿಯ ಮುಚ್ಚಳಕ್ಕೆ ಅಂಟಿಸಬೇಡಿ, ಮುಚ್ಚಳ ಅದಲುಬದಲಾಗುತ್ತದೆ. ಮೈಗೆ ಅಂಟಿಸಿ, ಬೆರಳಿಗೆ ಸಿಗುವಂತೆ ಪಕ್ಕದಲ್ಲಿ ಒಂದು ಮಣಿಯನ್ನೋ ಬಟನ್ನನ್ನೋ ಅಂಟಿಸಿ. ಸ್ಕ್ಯಾನ್ ಮಾಡುವಾಗ ಹಣ ಪಾವತಿಯ ಆ್ಯಪ್ ತೆರೆದರೆ ‘ಅಮಾನ್ಯ ಕ್ಯೂಆರ್’ ಎನ್ನುತ್ತದೆ, ಹೆದರಬೇಡಿ, ಮಾಮೂಲಿ ಕ್ಯೂಆರ್ ಸ್ಕ್ಯಾನರ್ ಬಳಸಿ. ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹೆಸರು ಬಿಟ್ಟು ಸುಮ್ಮನಾದರೆ ಫೋನಿನ ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್‌ನಲ್ಲಿ ಕನ್ನಡ ಧ್ವನಿ ಡೌನ್‌ಲೋಡ್ ಆಗಿಲ್ಲ ಎಂದರ್ಥ.